ಗೌರಿ ಹಬ್ಬದಿಂದ ದೀಪಾವಳಿವರೆಗೆ: ಮನೆಯ ಹೆಣ್ಣುಮಕ್ಕಳಿಗೆ ಉಡುಗೊರೆ ಕೊಳ್ಳುವ ಮುನ್ನ ಈ ಫಾರ್ವರ್ಡ್‌ಗಳನ್ನು ಪರೀಕ್ಷಿಸಿ

ಶ್ರಾವಣದ ವರಮಹಾಲಕ್ಷ್ಮಿ ಹಬ್ಬ ಬಂತೆಂದರೆ ದೀಪಾವಳಿ ಮುಗಿಯುವವರೆಗೆ ನಮ್ಮ ಫೋನ್‌ಗಳಿಗೆ ಎರಡು ಬಗೆಯ ಸಂದೇಶಗಳು ತಪ್ಪದೆ ಬರುತ್ತವೆ. ಒಂದು, ಸೀರೆ ಮತ್ತು ಚಿನ್ನದ ಅಂಗಡಿಗಳ ಜಾಹೀರಾತು. ಇನ್ನೊಂದು, ಹೆಣ್ಣುಮಕ್ಕಳಿಗೆ ಏನು ಕೊಡಬೇಕು, ಏನು ಕೊಡಬಾರದು, ಅಸಲಿ ಯಾವುದು, ನಕಲಿ ಯಾವುದು ಎಂದು ಹೇಳಿಕೊಡುವ ಫಾರ್ವರ್ಡ್‌ಗಳು. ಜಾಹೀರಾತನ್ನು ನಾವು ಸ್ವಲ್ಪ ಅನುಮಾನದಿಂದಲೇ ನೋಡುತ್ತೇವೆ. ಫಾರ್ವರ್ಡ್ ಮಾತ್ರ ಚಿಕ್ಕಮ್ಮನೋ ಭಾವನೋ ಕಳಿಸಿದ್ದು ಎಂಬ ಕಾರಣಕ್ಕೆ ಹಾಗೆಯೇ ನಂಬಿಬಿಡುತ್ತೇವೆ.

ಕರವಸ್ತ್ರ ಕೊಟ್ಟರೆ ಜಗಳ, ಸುಗಂಧ ದ್ರವ್ಯ ಕೊಟ್ಟರೆ ಸಂಬಂಧ ಮುರಿಯುತ್ತದೆ, ಚಾಕು ಕೊಟ್ಟರೆ ಒಂದು ರೂಪಾಯಿ ವಾಪಸ್ ಪಡೆಯಬೇಕು ಎಂಬಂಥವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವಕ್ಕೆ ಯಾವ ಆಧಾರವೂ ಇಲ್ಲ, ನಂಬಿದವರಿಗೆ ದೊಡ್ಡ ನಷ್ಟವೂ ಇಲ್ಲ. ಇಲ್ಲಿ ನಾವು ನೋಡುವುದು ಹಣ ಅಥವಾ ಆರೋಗ್ಯ ಕಳೆದುಕೊಳ್ಳುವ ಸಾಧ್ಯತೆ ಇರುವ ವಿಷಯಗಳನ್ನು ಮಾತ್ರ.

ಬಾಗಿನದ ಕುಂಕುಮ

ಗೌರಿ ಹಬ್ಬಕ್ಕೆ ತವರಿನಿಂದ ಬರುವ ಬಾಗಿನದಷ್ಟು ಹಳೆಯ ಹಬ್ಬದ ಉಡುಗೊರೆ ನಮ್ಮಲ್ಲಿ ಬೇರೆ ಇಲ್ಲವೇನೋ. ಜೋಡಿ ಮೊರ, ಅರಿಶಿನ, ಕುಂಕುಮ, ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ರವಿಕೆ ಕಣ, ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ. ಈಗ ಇವೆಲ್ಲ ಪ್ಲಾಸ್ಟಿಕ್ ಹೊದಿಸಿದ ಸಿದ್ಧ ಸೆಟ್ ಆಗಿ ಸಿಗುತ್ತವೆ. ಇದರಲ್ಲಿ ಗಮನಿಸಬೇಕಾದದ್ದು ಕುಂಕುಮ.

ಸಾಂಪ್ರದಾಯಿಕ ಕುಂಕುಮದ ಮೂಲ ಅರಿಶಿನ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಸುಣ್ಣದಂಥ ಕ್ಷಾರದ ಜೊತೆ ಸೇರಿದಾಗ ಕೆಂಪಾಗುತ್ತದೆ. ಅಗ್ಗದ ಪುಡಿಗಳಲ್ಲಿ ಅರಿಶಿನವೇ ಇರಬೇಕೆಂದಿಲ್ಲ. ಬಣ್ಣ ಹಾಕಿದ ಪಿಷ್ಟ ಇರಬಹುದು, ಕೆಲವೊಮ್ಮೆ ಸೀಸದ ಸಂಯುಕ್ತವೂ ಇರಬಹುದು. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಸಂಶೋಧಕರು ನ್ಯೂಜೆರ್ಸಿಯ ಅಂಗಡಿಗಳಿಂದಲೂ ಭಾರತದಿಂದಲೂ ತಂದ 118 ಸಿಂಧೂರದ ಮಾದರಿಗಳನ್ನು ಪರೀಕ್ಷಿಸಿ 2017ರಲ್ಲಿ ವರದಿ ಪ್ರಕಟಿಸಿದ್ದರು. ಸುಮಾರು ಶೇ 80ರಷ್ಟು ಮಾದರಿಗಳಲ್ಲಿ ಸೀಸ ಸಿಕ್ಕಿತ್ತು. ಬಹುತೇಕ ಕಡೆ ಅದು ಅಲ್ಪ ಪ್ರಮಾಣ, ಆದರೆ ಹಲವು ಮಾದರಿಗಳು ಅಲ್ಲಿನ ಸುರಕ್ಷತಾ ಮಿತಿಯನ್ನು ದಾಟಿದ್ದವು. ಹಾಗೆಂದು ಕುಂಕುಮ ಇಟ್ಟವರೆಲ್ಲ ವಿಷ ಹಚ್ಚಿಕೊಳ್ಳುತ್ತಿದ್ದಾರೆ ಎಂದು ಫಾರ್ವರ್ಡ್ ಮಾಡಬೇಡಿ. ಅಪಾಯ ಹೆಚ್ಚಿರುವುದು ಹಣೆಗಿಂತ ಕೈಬಾಯಿಯ ದಾರಿಯಲ್ಲಿ, ಅದರಲ್ಲೂ ಅಮ್ಮನ ಹಣೆ ಮುಟ್ಟಿ ಬೆರಳು ಚೀಪುವ ಮಗುವಿಗೆ. ಬೆಳೆಯುವ ಮಿದುಳಿಗೆ ಸೀಸದ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ.

'ನಿಂಬೆರಸ ಹಾಕಿ, ಹಳದಿಯಾದರೆ ಅಸಲಿ' ಎಂಬ ಪರೀಕ್ಷೆ ಅರ್ಧ ಸರಿ. ಸುಣ್ಣದಿಂದ ಕೆಂಪಾದ ಅರಿಶಿನ ಹುಳಿ ತಾಗಿದಾಗ ನಿಜಕ್ಕೂ ಹಳದಿಗೆ ಮರಳುತ್ತದೆ. ಆದರೆ ಬಿಳಿಗಾರ ಹಾಕಿ ಮಾಡಿದ ಅಸಲಿ ಕುಂಕುಮ ಹುಳಿಯಲ್ಲೂ ಕೆಂಪಾಗಿಯೇ ಉಳಿಯಬಹುದು. ಹಳದಿಯಾದ ಪುಡಿಯಲ್ಲಿ ಸೀಸ ಬೆರೆತಿಲ್ಲ ಎನ್ನುವುದಕ್ಕೂ ಅದು ಸಾಕ್ಷಿ ಅಲ್ಲ. ಸೀಸ ಪತ್ತೆಯಾಗುವುದು ಪ್ರಯೋಗಾಲಯದಲ್ಲಿ ಮಾತ್ರ. ತಯಾರಕರ ಹೆಸರು, ವಿಳಾಸವೇ ಇಲ್ಲದ ಪೊಟ್ಟಣ ಬಿಟ್ಟು, ಪರಿಚಿತರು ಮನೆಯಲ್ಲೇ ಅರಿಶಿನದಿಂದ ಮಾಡಿದ್ದನ್ನೋ ಲೇಬಲ್ ಸರಿ ಇರುವುದನ್ನೋ ಬಾಗಿನಕ್ಕೆ ಹಾಕಿದರೆ ಒಳ್ಳೆಯದು.

ಬೆಳ್ಳಗಾಗಿಸುವ ಕ್ರೀಮ್: ಇದನ್ನು ಮಾತ್ರ ಕೊಡಬೇಡಿ

ಹಬ್ಬದ 'ಬ್ಯೂಟಿ ಹ್ಯಾಂಪರ್'ಗಳಲ್ಲಿ, ಇನ್‌ಸ್ಟಾಗ್ರಾಂ ಪುಟಗಳಲ್ಲಿ, ವಿದೇಶದಿಂದ ಬಂದ ನೆಂಟರ ಸೂಟ್‌ಕೇಸಿನಲ್ಲಿ ಒಂದು ಪುಟ್ಟ ಡಬ್ಬಿ ಇರುತ್ತದೆ. ಏಳು ದಿನದಲ್ಲಿ ಬಣ್ಣ ಬದಲಾಗುತ್ತದೆ ಎಂಬುದು ಅದರ ಭರವಸೆ. ಕಷ್ಟ ಏನೆಂದರೆ ಕೆಲವು ಡಬ್ಬಿಗಳು ಆ ಭರವಸೆಯನ್ನು ಈಡೇರಿಸುತ್ತವೆ.

ಈಡೇರಿಸುವುದು ಹೇಗೆ? ಪಾದರಸದಿಂದ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗಲು ಟೈರೋಸಿನೇಸ್ ಎಂಬ ಕಿಣ್ವ ಬೇಕು. ಪಾದರಸದ ಲವಣಗಳು ಆ ಕಿಣ್ವವನ್ನು ತಡೆಯುತ್ತವೆ. ಮುಖ ಬೆಳ್ಳಗಾಗುತ್ತದೆ. ಅದೇ ಪಾದರಸ ಚರ್ಮದ ಮೂಲಕ ರಕ್ತಕ್ಕೆ ಇಳಿದು ಮೂತ್ರಪಿಂಡ ಸೇರುತ್ತದೆ.

ಇದು ಊಹೆಯಲ್ಲ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ವೈದ್ಯರು 2021ರ ಜುಲೈನಿಂದ 2023ರ ಸೆಪ್ಟೆಂಬರ್‌ವರೆಗೆ ಮೆಂಬ್ರೇನಸ್ ನೆಫ್ರೋಪತಿ ಎಂಬ ಮೂತ್ರಪಿಂಡದ ಕಾಯಿಲೆಯ 22 ಪ್ರಕರಣಗಳನ್ನು ಕಂಡರು. ಈ ಕಾಯಿಲೆಯಲ್ಲಿ ಮೂತ್ರಪಿಂಡದ ಜರಡಿ ಹಾಳಾಗಿ ಮೂತ್ರದಲ್ಲಿ ಪ್ರೋಟೀನ್ ಸೋರುತ್ತದೆ, ಕಾಲು ಮುಖ ಊದಿಕೊಳ್ಳುತ್ತವೆ, ಮೂತ್ರ ನೊರೆನೊರೆಯಾಗುತ್ತದೆ. ಇವರಲ್ಲಿ 15 ಮಂದಿಯಲ್ಲಿ ನೆಲ್-1 ಎಂಬ ಅಪರೂಪದ ಗುರುತು ಕಂಡುಬಂತು. ಆ 15ರಲ್ಲಿ 13 ಮಂದಿ ಬೆಳ್ಳಗಾಗಿಸುವ ಕ್ರೀಮ್ ಹಚ್ಚುತ್ತಿದ್ದರು. ಬಹುತೇಕರಲ್ಲಿ ಕ್ರೀಮ್ ನಿಲ್ಲಿಸಿದ ಮೇಲೆ ಕಾಯಿಲೆ ಇಳಿಮುಖವಾಯಿತು. ಈ ವರದಿ 'ಕಿಡ್ನಿ ಇಂಟರ್‌ನ್ಯಾಷನಲ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಮಲಪ್ಪುರಂ ನಮಗೆ ದೂರವೇನಲ್ಲ, ಗುಂಡ್ಲುಪೇಟೆ ದಾಟಿ ನೀಲಗಿರಿ ಘಟ್ಟ ಇಳಿದರೆ ಸಿಗುವ ಜಿಲ್ಲೆ.

ಭಾರತದ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಇಂಥ ಕ್ರೀಮ್‌ಗೆ ಪಾದರಸ ಸೇರಿಸುವಂತಿಲ್ಲ. ಆಕಸ್ಮಿಕವಾಗಿ ಸೇರಿದ ಅಂಶವೂ ಹತ್ತು ಲಕ್ಷದಲ್ಲಿ ಒಂದು ಭಾಗ ಮೀರಬಾರದು. ಕಾನೂನು ಇದ್ದರೂ ಡಬ್ಬಿ ಬರುತ್ತಿದೆ. ಹಾಗಾಗಿ ಲೇಬಲ್ ಓದುವುದು ನಮ್ಮ ಕೆಲಸ. ಪದಾರ್ಥಗಳ ಪಟ್ಟಿ ಇಲ್ಲ, ತಯಾರಿಕಾ ಪರವಾನಗಿ ಸಂಖ್ಯೆ ಅಥವಾ ಆಮದು ನೋಂದಣಿ ಸಂಖ್ಯೆ ಇಲ್ಲ ಎಂದರೆ ಅಲ್ಲಿಗೇ ಬಿಡಿ. ಕ್ಯಾಲೊಮೆಲ್, ಮರ್ಕ್ಯುರಸ್ ಕ್ಲೋರೈಡ್, ಮರ್ಕ್ಯುರಿಕ್ ಅಯೋಡೈಡ್, ಅಮೋನಿಯೇಟೆಡ್ ಮರ್ಕ್ಯುರಿ ಇವೆಲ್ಲ ಪಾದರಸದ್ದೇ ಹೆಸರುಗಳು. ಇನ್ನೊಂದು ಸುಳಿವು ತುಂಬ ಕುತೂಹಲದ್ದು: ಚಿನ್ನ, ಬೆಳ್ಳಿ, ಅಲ್ಯೂಮಿನಿಯಂಗೆ ಈ ಕ್ರೀಮ್ ತಾಗಿಸಬೇಡಿ ಎಂಬ ಸೂಚನೆ ಇದ್ದರೆ ಅನುಮಾನಿಸಿ. ಪಾದರಸ ಆ ಲೋಹಗಳ ಜೊತೆ ಬೆರೆಯುತ್ತದೆ, ಅದಕ್ಕೇ ಆ ಎಚ್ಚರಿಕೆ. ಒಡವೆಗೆ ಬೇಡವಾದದ್ದು ಮುಖಕ್ಕೆ!

ಪಾದರಸವಿಲ್ಲದ ಕೆಲವು ಕ್ರೀಮ್‌ಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಎಂಬ ಹೆಸರು ಕಂಡರೆ ಅದು ವೈದ್ಯರ ಚೀಟಿ ಮೇಲೆ, ನಿಗದಿತ ಅವಧಿಗೆ ಬಳಸುವ ಔಷಧ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಮೊಡವೆ ಏಳುತ್ತದೆ, ಬಿಸಿಲಿಗೆ ಉರಿಯುತ್ತದೆ. ನಿಲ್ಲಿಸಿದರೆ ಮೊದಲಿಗಿಂತ ಕೆಂಪಗೆ, ಕಪ್ಪಗೆ ಆಗುವುದರಿಂದ ಬಿಡಲೂ ಆಗುವುದಿಲ್ಲ.

ಆರೋಗ್ಯದ ಮಾತು ಪಕ್ಕಕ್ಕಿಟ್ಟರೂ, ನಿನ್ನ ಬಣ್ಣ ಸರಿಯಿಲ್ಲ ಎಂದು ಕಾಗದ ಸುತ್ತಿ ಹೇಳುವುದು ಹಬ್ಬದ ಉಡುಗೊರೆ ಹೇಗಾದೀತು ಎಂಬುದು ನಮಗೆ ಇಂದಿಗೂ ಅರ್ಥವಾಗಿಲ್ಲ.

ಲಿಪ್‌ಸ್ಟಿಕ್ ಮತ್ತು ಚಿನ್ನದ ಉಂಗುರ

ಸೌಂದರ್ಯವರ್ಧಕಗಳ ಬಗ್ಗೆ ಅತಿ ಹೆಚ್ಚು ಓಡಾಡಿದ ಫಾರ್ವರ್ಡ್ ಇದೇ ಇರಬೇಕು. ಇಮೇಲ್ ಕಾಲದಿಂದಲೂ ಇದೆ. ಲಿಪ್‌ಸ್ಟಿಕ್ ಮೇಲೆ ಚಿನ್ನದ ಉಂಗುರ ಉಜ್ಜಿ, ಕಪ್ಪು ಗೆರೆ ಬಂದರೆ ಸೀಸ ಇದೆ, ಕ್ಯಾನ್ಸರ್ ಖಂಡಿತ ಎನ್ನುತ್ತದೆ. ಇದು ಸುಳ್ಳು. ಲಿಪ್‌ಸ್ಟಿಕ್‌ನಲ್ಲಿರುವ ಸೂಕ್ಷ್ಮ ಪ್ರಮಾಣದ ಸೀಸ ಚಿನ್ನದ ಜೊತೆ ಸೇರಿ ಕಪ್ಪಾಗುವ ಯಾವ ಕ್ರಿಯೆಯೂ ಇಲ್ಲ. ಮೇಣ ಮತ್ತು ಬಣ್ಣದ ಪುಡಿಯ ಮೇಲೆ ಲೋಹ ಉಜ್ಜಿದಾಗ ಲೋಹವೇ ಸ್ವಲ್ಪ ಸವೆದು ಗೆರೆ ಬೀಳಬಹುದು. ಲಿಪ್‌ಸ್ಟಿಕ್‌ಗಳಲ್ಲಿ ಅತ್ಯಲ್ಪ ಸೀಸ ಇರುವುದು ನಿಜ, ಅದಕ್ಕಾಗಿಯೇ ಬಣ್ಣಗಳಿಗೆ ಹತ್ತು ಲಕ್ಷದಲ್ಲಿ 20 ಭಾಗದ ಮಿತಿ ನಮ್ಮಲ್ಲಿದೆ. ಉಂಗುರ ಅದನ್ನು ಅಳೆಯಲಾರದು, ಅಷ್ಟೇ.

ಸೀರೆ: 'ಆರ್ಟ್ ಸಿಲ್ಕ್' ಎಂದರೆ ಕಲೆ ಅಲ್ಲ

ಉಂಗುರದ ಇನ್ನೊಂದು ಪರೀಕ್ಷೆ ರೇಷ್ಮೆಗೆ. ಸೀರೆ ಉಂಗುರದೊಳಗೆ ಸಲೀಸಾಗಿ ನುಸುಳಿದರೆ ಶುದ್ಧ ರೇಷ್ಮೆಯಂತೆ. ತೆಳು ಪಾಲಿಯೆಸ್ಟರ್ ಅದಕ್ಕಿಂತ ಚೆನ್ನಾಗಿ ನುಸುಳುತ್ತದೆ. ಜರಿ ಅಂಚಿನ ಗಟ್ಟಿ ರೇಷ್ಮೆ ಸೀರೆ ನುಸುಳದೇ ಇರಬಹುದು.

ದಾರ ಸುಡುವ ಪರೀಕ್ಷೆ ಮಾತ್ರ ವಿಜ್ಞಾನಕ್ಕೆ ಹತ್ತಿರ. ರೇಷ್ಮೆ ನಮ್ಮ ಕೂದಲಿನಂತೆ ಪ್ರೋಟೀನ್. ಹಾಗಾಗಿ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ರೇಯಾನ್, ಹತ್ತಿ ಸುಟ್ಟ ಕಾಗದದ ವಾಸನೆ ಕೊಡುತ್ತವೆ. ಆದರೆ ಹಾಸಿನ ದಾರ ರೇಷ್ಮೆಯಾಗಿದ್ದು ಹೊಕ್ಕಿನ ದಾರ ಬೇರೆ ಇರಬಹುದು. ಎರಡನ್ನೂ ಸುಡಬೇಕು, ಮತ್ತು ಯಾವ ಅಂಗಡಿಯವರೂ ಅದಕ್ಕೆ ಬೆಂಕಿಪೆಟ್ಟಿಗೆ ಕೊಡುವುದಿಲ್ಲ.

ಅದಕ್ಕಿಂತ ಸುಲಭ ಸಿಲ್ಕ್ ಮಾರ್ಕ್. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ಇದನ್ನು ಶುರು ಮಾಡಿತು. ಚಿಟ್ಟೆಯ ಗುರುತು, ಹೊಲೊಗ್ರಾಂ, ಸಂಖ್ಯೆ ಇರುವ ಆ ಚೀಟಿ ಬಟ್ಟೆ ಶುದ್ಧ ರೇಷ್ಮೆ ಎಂದು ಹೇಳುತ್ತದೆ. ಅದು ಕೈಮಗ್ಗವೋ ಯಂತ್ರದ ಮಗ್ಗವೋ ಎಂಬುದನ್ನು ಹೇಳುವುದಿಲ್ಲ, ಅದಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ಬೇರೆಯೇ ಇದೆ. ಜರಿಯ ಗುಣಮಟ್ಟವನ್ನೂ ಹೇಳುವುದಿಲ್ಲ. ಚೀಟಿಯಲ್ಲಿ 'ಆರ್ಟ್ ಸಿಲ್ಕ್' ಎಂದಿದ್ದರೆ ಅದು ಆರ್ಟಿಫಿಷಿಯಲ್ ಎಂಬುದರ ಮೊಟಕು ರೂಪ, ಕೃತಕ ನೂಲು. ಎಷ್ಟೋ ಮಂದಿ ಕಲಾತ್ಮಕ ರೇಷ್ಮೆ ಎಂದುಕೊಂಡು ಖುಷಿಯಿಂದ ತರುತ್ತಾರೆ.

ಊರಿನ ಹೆಸರು ಶುದ್ಧತೆಯ ಖಾತರಿಯಲ್ಲ ಎಂಬುದೂ ನೆನಪಿರಲಿ. ಇಳಕಲ್ ಸೀರೆಯ ಗುರುತು ಕೊಂಡಿ ಹಾಕಿ ಜೋಡಿಸಿದ ಸೆರಗು. ಅದರ ಒಡಲು ಹತ್ತಿಯೂ ಇರಬಹುದು, ರೇಷ್ಮೆಯೂ ಇರಬಹುದು, ಕೃತಕ ನೂಲೂ ಇರಬಹುದು. ಕೇಳಿ ತಿಳಿಯಬೇಕು. ಮೈಸೂರು ಸಿಲ್ಕ್ ವಿಷಯ ಬೇರೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಆರಂಭವಾದ ಕಾರ್ಖಾನೆಯನ್ನು ಈಗ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ ನಡೆಸುತ್ತಿದೆ, ಅಲ್ಲಿನ ಪ್ರತಿ ಸೀರೆಗೂ ಅದರದೇ ಸಂಖ್ಯೆ ಇರುತ್ತದೆ. 'ಮೈಸೂರು ಸಿಲ್ಕ್, ಕಾರ್ಖಾನೆ ಬೆಲೆ, ಎರಡು ಸಾವಿರ ಮಾತ್ರ' ಎಂಬ ಫೇಸ್‌ಬುಕ್ ಜಾಹೀರಾತಿನ ಸೀರೆಯಲ್ಲಿ ಆ ಸಂಖ್ಯೆಯನ್ನು ಹುಡುಕಿ ನೋಡಿ.

ಚಿನ್ನ: ಗುರುತು ನೋಡಿ, ಬಿಲ್ ಯಾರ ಹೆಸರಲ್ಲಿದೆ ಅದನ್ನೂ ನೋಡಿ

ಅಯಸ್ಕಾಂತಕ್ಕೆ ಅಂಟದಿದ್ದರೆ ಅಸಲಿ ಚಿನ್ನ ಎನ್ನುತ್ತದೆ ಫಾರ್ವರ್ಡ್. ತಾಮ್ರ, ಹಿತ್ತಾಳೆ, ಬೆಳ್ಳಿ ಯಾವುದೂ ಅಂಟುವುದಿಲ್ಲ. ಅಂಟಿದರೆ ಅದು ಚಿನ್ನವಲ್ಲ ಎನ್ನಬಹುದು, ಅಂಟದಿದ್ದರೆ ಏನೂ ಹೇಳುವಂತಿಲ್ಲ. ಹಲ್ಲಿನಲ್ಲಿ ಕಚ್ಚಿ ನೋಡುವುದು ಸಿನಿಮಾಕ್ಕೆ ಇರಲಿ.

ನಮ್ಮ ಊರುಗಳಲ್ಲಿ ಈಗಲೂ 'ಕೆಡಿಎಂ ಚಿನ್ನ, ಒಳ್ಳೆಯದು' ಎನ್ನುವವರಿದ್ದಾರೆ. ಕೆಡಿಎಂ ಎಂದರೆ ಕ್ಯಾಡ್ಮಿಯಂ ಸೇರಿಸಿದ ಬೆಸುಗೆ. ಅದು ಬೆಸೆಯುವ ವಿಧಾನವೇ ಹೊರತು ಶುದ್ಧತೆಯ ಮುದ್ರೆ ಅಲ್ಲ. ಕ್ಯಾಡ್ಮಿಯಂ ಹೊಗೆ ಕುಡಿಯುವ ಅಕ್ಕಸಾಲಿಗರ ಶ್ವಾಸಕೋಶಕ್ಕೂ ಮೂತ್ರಪಿಂಡಕ್ಕೂ ಹಾನಿ.

ಮುದ್ರೆ ಎಂದರೆ ಬಿಐಎಸ್ ಹಾಲ್‌ಮಾರ್ಕ್. 2021ರ ಜೂನ್‌ನಿಂದ ಹಂತಹಂತವಾಗಿ ಕಡ್ಡಾಯವಾಯಿತು. 2023ರ ಏಪ್ರಿಲ್ 1ರಿಂದ ಎಚ್‌ಯುಐಡಿ ಎಂಬ ಆರು ಅಕ್ಷರ ಮತ್ತು ಅಂಕಿಗಳ ಸಂಕೇತ ಇರುವ ಹಾಲ್‌ಮಾರ್ಕ್ ಮಾತ್ರ ಮಾನ್ಯ. ಒಡವೆಯಲ್ಲಿ ಮೂರು ಗುರುತು ನೋಡಿ: ಬಿಐಎಸ್ ತ್ರಿಕೋನ, ಶುದ್ಧತೆ (22 ಕ್ಯಾರೆಟ್‌ಗೆ 916, 18ಕ್ಕೆ 750), ಎಚ್‌ಯುಐಡಿ. ಎರಡು ಗ್ರಾಂಗಿಂತ ಕಡಿಮೆ ತೂಕದ ಮೂಗುತಿಯಂಥವಕ್ಕೆ ಕಡ್ಡಾಯವಿಲ್ಲ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಆರು ಅಕ್ಷರ ಹಾಕಿದರೆ ಯಾವ ಬಗೆಯ ಒಡವೆ, ಎಷ್ಟು ಶುದ್ಧ, ಎಲ್ಲಿ ಪರೀಕ್ಷೆಯಾಯಿತು ಎಂದು ತೋರಿಸುತ್ತದೆ. ನೀವು ಕೊಂಡದ್ದು ಬಳೆ, ಆ್ಯಪ್ ಉಂಗುರ ಎನ್ನುತ್ತಿದೆ ಎಂದರೆ ಅಂಗಡಿಯಿಂದ ಹೊರಡಬೇಡಿ. ಬಿಲ್‌ನಲ್ಲಿ ಚಿನ್ನದ ತೂಕ ಮತ್ತು ಹರಳಿನ ತೂಕ ಬೇರೆಬೇರೆ ಬರೆಸಿ. ಇಲ್ಲದಿದ್ದರೆ ಗಾಜಿಗೆ ಚಿನ್ನದ ದರ ಕೊಟ್ಟಂತೆ.

ಮದುವೆಯಾದ ಹೆಣ್ಣುಮಗಳು 500 ಗ್ರಾಂಗಿಂತ ಹೆಚ್ಚು ಚಿನ್ನ ಇಟ್ಟುಕೊಂಡರೆ ಅಪರಾಧ ಎಂಬ ಸಂದೇಶ ಪ್ರತಿ ಹಬ್ಬಕ್ಕೂ ಮರಳಿ ಬರುತ್ತದೆ. ಅಂಥ ಮಿತಿ ಇಲ್ಲ. ಆದಾಯ ತೆರಿಗೆ ದಾಳಿಯ ವೇಳೆ ವಿವಾಹಿತ ಮಹಿಳೆಯ 500 ಗ್ರಾಂ, ಅವಿವಾಹಿತೆಯ 250 ಗ್ರಾಂ, ಪುರುಷನ 100 ಗ್ರಾಂ ಒಡವೆಯನ್ನು ಜಪ್ತಿ ಮಾಡಬೇಡಿ ಎಂದು 1994ರಲ್ಲಿ ಅಧಿಕಾರಿಗಳಿಗೆ ಕೊಟ್ಟ ಸೂಚನೆ ಅದು. ಲೆಕ್ಕ ಇರುವ ಚಿನ್ನಕ್ಕೆ ಮೇಲ್ಮಿತಿ ಇಲ್ಲ. ಗಂಡ, ಹೆತ್ತವರು, ಒಡಹುಟ್ಟಿದವರು ಕೊಟ್ಟ ಉಡುಗೊರೆಗೆ ಪಡೆದವಳು ತೆರಿಗೆ ಕಟ್ಟಬೇಕಿಲ್ಲ.

ಇನ್ನೊಂದು ಮಾತು ಫಾರ್ವರ್ಡ್‌ಗಳಲ್ಲಿ ಎಂದೂ ಬರುವುದಿಲ್ಲ. ಕೊಟ್ಟ ಮೇಲೆ ಆ ಚಿನ್ನ ಯಾರದು? ಅವಳದು. ಮದುವೆಗೆ ಮುಂಚೆ, ಮದುವೆಯಲ್ಲಿ, ಆಮೇಲೆ ಹೆಣ್ಣಿಗೆ ಕೊಟ್ಟ ಒಡವೆ ಸ್ತ್ರೀಧನ. ಅದು ಗಂಡ ಹೆಂಡತಿಯ ಜಂಟಿ ಆಸ್ತಿಯಲ್ಲ, ಕಷ್ಟದ ಸಮಯದಲ್ಲಿ ಗಂಡ ಬಳಸಿಕೊಂಡರೂ ಹಿಂದಿರುಗಿಸುವ ಹೊಣೆ ಅವನದು ಎಂದು ಸುಪ್ರೀಂ ಕೋರ್ಟ್ 2024ರಲ್ಲೂ ಹೇಳಿದೆ. ತಂಗಿಗೆ ಬಳೆ ಕೊಡಿಸುತ್ತಿದ್ದರೆ ಬಿಲ್ ಅವಳ ಹೆಸರಿನಲ್ಲಿ ಮಾಡಿಸಿ, ಅದರ ಫೋಟೊವನ್ನು ಅವಳಿಗೆ ಕಳಿಸಿ. ಬಳೆಯಷ್ಟೇ ಬೆಲೆ ಆ ಕಾಗದಕ್ಕೆ ಬರುವ ದಿನವೂ ಇರುತ್ತದೆ.

ಆರೋಗ್ಯದ ಹೆಸರಿನ ಉಡುಗೊರೆಗಳು

ತಾಮ್ರದ ಬಾಟಲಿ ಈಗ ಎಲ್ಲ ಮನೆಯಲ್ಲೂ ಇದೆ. ಬೆಂಗಳೂರಿನ ಆಯುರ್ವೇದ ಸಂಶೋಧನಾ ಸಂಸ್ಥೆಯೊಂದರ ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟ ನೀರಿನಲ್ಲಿ ಭೇದಿ ತರುವ ಬ್ಯಾಕ್ಟೀರಿಯಾಗಳು ಸತ್ತಿದ್ದವು. ಅಷ್ಟು ನಿಜ. ತೂಕ ಇಳಿಯುತ್ತದೆ, ಥೈರಾಯ್ಡ್ ಸರಿಯಾಗುತ್ತದೆ ಎಂಬುದೆಲ್ಲ ಮೇಲೆ ಸೇರಿಸಿದ್ದು. ನಮ್ಮ ತಂಡದ ಒಬ್ಬರು ಅಮ್ಮನಿಗೆ ಬಾಟಲಿ ಕೊಟ್ಟರು. ಅಮ್ಮ ಅದರಲ್ಲಿ ದಿನಾ ಮಜ್ಜಿಗೆ ತುಂಬಿಕೊಂಡು ಕೆಲಸಕ್ಕೆ ಹೋಗುತ್ತಿದ್ದರು. ಹುಳಿ ಪದಾರ್ಥ ತಾಮ್ರವನ್ನು ಕರಗಿಸುತ್ತದೆ, ವಾಕರಿಕೆ, ಹೊಟ್ಟೆನೋವು ಬರುತ್ತದೆ. ಬಾಟಲಿ ಕೊಡುವಾಗ ನೀರು ಮಾತ್ರ ಎಂದು ಹೇಳಿ ಕೊಡಿ.

ಹಬ್ಬದ ರಿಯಾಯಿತಿಯ 'ಮಹಿಳೆಯರ ಫುಲ್ ಬಾಡಿ ಚೆಕಪ್' ಬಗ್ಗೆ ಸ್ವಲ್ಪ ಯೋಚಿಸಿ. ಎಂಬತ್ತು, ನೂರು ಪರೀಕ್ಷೆಗಳ ಪಟ್ಟಿಯಲ್ಲಿ ಸಿಎ-125 ಎಂಬ ಕ್ಯಾನ್ಸರ್ ಸೂಚಕವೂ ಇರುತ್ತದೆ. ಮುಟ್ಟು, ಗರ್ಭಕೋಶದ ಫೈಬ್ರಾಯ್ಡ್, ಎಂಡೊಮೆಟ್ರಿಯೋಸಿಸ್ ಇದ್ದರೂ ಅದು ಏರುತ್ತದೆ. ಲಕ್ಷಣಗಳಿಲ್ಲದ, ಸಾಮಾನ್ಯ ಅಪಾಯದ ಮಹಿಳೆಯರಿಗೆ ಅಂಡಾಶಯದ ಕ್ಯಾನ್ಸರ್ ಹುಡುಕಲು ಇದನ್ನು ಬಳಸಬಾರದು ಎಂಬುದು ತಜ್ಞರ ಶಿಫಾರಸು, ಏಕೆಂದರೆ ಅನಗತ್ಯ ಭಯವೂ ಅನಗತ್ಯ ಶಸ್ತ್ರಚಿಕಿತ್ಸೆಯೂ ಅದರಿಂದ ಹುಟ್ಟುತ್ತವೆ. ಹಬ್ಬಕ್ಕೆ ಅಮ್ಮನಿಗೆ ಕೊಟ್ಟ ಪ್ಯಾಕೇಜ್, ದಸರಾ ಪೂರ್ತಿ ಸ್ಕ್ಯಾನಿಂಗ್ ಸೆಂಟರ್ ಮುಂದೆ ಕೂರಿಸಬಹುದು.

ನಿಜಕ್ಕೂ ಬೇಕಾದ ಪರೀಕ್ಷೆಗಳು ಕಡಿಮೆ, ಅಗ್ಗವೂ ಹೌದು. ರಕ್ತದೊತ್ತಡ, ಸಕ್ಕರೆ, ಹಿಮೋಗ್ಲೋಬಿನ್. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. 30ರಿಂದ 65 ವಯಸ್ಸಿನವರಿಗೆ ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಐದು ವರ್ಷಕ್ಕೊಮ್ಮೆ ಆಗಬೇಕು ಎನ್ನುತ್ತದೆ ರಾಷ್ಟ್ರೀಯ ಕಾರ್ಯಕ್ರಮ. ಬಹುತೇಕ ಮಹಿಳೆಯರು ಒಮ್ಮೆಯೂ ಮಾಡಿಸಿಕೊಂಡಿಲ್ಲ. ಒಂದು ದಿನ ರಜೆ ಹಾಕಿ, ಜೊತೆಗೆ ಹೋಗಿ, ಆ ದಿನದ ಅಡುಗೆಯನ್ನು ನೀವೇ ಮಾಡಿದರೆ ಅದು ಎರಡು ಉಡುಗೊರೆ. ಬಿಪಿ ಯಂತ್ರ ಕೊಡುವುದಾದರೆ ಮಣಿಕಟ್ಟಿನದಲ್ಲ, ತೋಳಿಗೆ ಕಟ್ಟುವುದನ್ನು ಕೊಳ್ಳಿ. ಪಟ್ಟಿಯ ಅಳತೆ ತೋಳಿಗೆ ಹೊಂದಬೇಕು, ಬಿಗಿಯಾದರೆ ಅಂಕಿ ಸುಳ್ಳೇ ಹೆಚ್ಚು ತೋರಿಸುತ್ತದೆ.

ದುಬಾರಿಯಾದರೆ ಇಷ್ಟವಾಗುತ್ತದೆಯೇ?

ಅಮೆರಿಕದ ಅರ್ಥಶಾಸ್ತ್ರಜ್ಞ ಜೋಯೆಲ್ ವಾಲ್ಡ್‌ಫೋಗಲ್ 1993ರಲ್ಲಿ ವಿದ್ಯಾರ್ಥಿಗಳಿಗೆ ಕ್ರಿಸ್‌ಮಸ್ ಉಡುಗೊರೆಗಳ ಬಗ್ಗೆ ಕೇಳಿದರು. ಪಡೆದವರು ಅದಕ್ಕೆ ಕಟ್ಟಿದ ಬೆಲೆ, ಕೊಟ್ಟವರು ತೆತ್ತ ಬೆಲೆಗಿಂತ ಶೇ 10ರಿಂದ ಮೂರನೇ ಒಂದು ಭಾಗದವರೆಗೆ ಕಡಿಮೆ ಇತ್ತು. 2009ರಲ್ಲಿ ಫ್ರಾನ್ಸಿಸ್ ಫ್ಲಿನ್ ಮತ್ತು ಗೇಬ್ರಿಯೆಲ್ ಆಡಮ್ಸ್ ನಿಶ್ಚಿತಾರ್ಥದ ಉಂಗುರಗಳ ಬಗ್ಗೆ ಕೇಳಿದಾಗ, ದುಬಾರಿ ಉಂಗುರವನ್ನು ಹೆಚ್ಚು ಮೆಚ್ಚುತ್ತಾರೆ ಎಂದು ಕೊಟ್ಟ ಗಂಡಸರು ನಂಬಿದ್ದರು. ಪಡೆದ ಹೆಂಗಸರ ಮೆಚ್ಚುಗೆಗೂ ಬೆಲೆಗೂ ಅಂಥ ನಂಟು ಕಾಣಲಿಲ್ಲ. ಇವು ಅಮೆರಿಕದ ಸಣ್ಣ ಗುಂಪುಗಳ ಅಧ್ಯಯನಗಳು, ಹಾಸನದ ಅತ್ತೆಗೆ ನೇರವಾಗಿ ಅನ್ವಯಿಸಲು ಬರುವುದಿಲ್ಲ. ಅತ್ತೆಯನ್ನೇ ಕೇಳಬಹುದು. 'ನಂಗೇನೂ ಬೇಡಪ್ಪ' ಎನ್ನುತ್ತಾರೆ, ಎರಡನೇ ಸಲ ಕೇಳಿ. ಮಿಕ್ಸಿ, ಕುಕ್ಕರ್ ಮನೆಗೆ ಬೇಕಾದದ್ದು, ಮನೆಯ ಖರ್ಚಿನಲ್ಲಿ ಬರಲಿ ಎಂಬುದು ನಮ್ಮ ಅಭಿಪ್ರಾಯ. ಅವರೇ ಮಿಕ್ಸಿ ಕೇಳಿದರೆ ನಾವು ಅಡ್ಡಿ ಬರುವುದಿಲ್ಲ.

ಹಬ್ಬದ ಸಮಯದಲ್ಲಿ ಬರುವ ಕೊನೆಯ ಬಗೆಯ ಫಾರ್ವರ್ಡ್ ಒಂದಿದೆ. ಹೆಸರಾಂತ ಕಂಪನಿಯ ವಾರ್ಷಿಕೋತ್ಸವ, ಮಹಿಳೆಯರಿಗೆ ಉಚಿತ ಉಡುಗೊರೆ, ಚಕ್ರ ತಿರುಗಿಸಿ, ಇಪ್ಪತ್ತು ಮಂದಿಗೆ ಕಳಿಸಿ ಎನ್ನುತ್ತದೆ. ವೆಬ್ ವಿಳಾಸವನ್ನು ಅಕ್ಷರ ಅಕ್ಷರ ಓದಿ, ಕಂಪನಿಯ ಹೆಸರಿನ ಹಿಂದೆ ಮುಂದೆ ಏನೋ ಅಂಟಿಕೊಂಡಿರುತ್ತದೆ. ಬಹುಮಾನ ಪಡೆಯಲು ಯಾರೂ ಒಟಿಪಿ ಅಥವಾ ಯುಪಿಐ ಪಿನ್ ಕೊಡಬೇಕಿಲ್ಲ. ಈಗಾಗಲೇ ಕೊಟ್ಟು ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಆ ಹಣವನ್ನು ಬ್ಯಾಂಕ್‌ನಲ್ಲೇ ತಡೆಹಿಡಿಯುವ ಅವಕಾಶ ಹೆಚ್ಚು. ಸೀರೆ, ಒಡವೆ ವಿಷಯದಲ್ಲಿ ಅಂಗಡಿಯವರು ಬಿಲ್ ಇದ್ದರೂ ಮಾತು ತಪ್ಪಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಕನ್ನಡದಲ್ಲೂ ಮಾತನಾಡಬಹುದು.